ಮಲೆನಾಡಿನ ಅಂಗಳದಲ್ಲಿ ಬಹುವಾರ್ಷಿಕ ಹೂಗಿಡ ಬಾಳದಿದ್ದರೆ: ದೋಷ ನಿವಾರಣೆ ಕೈಪಿಡಿ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಸುತ್ತ ಹೊಸ ಮನೆ ಕಟ್ಟಿ ಅಂಗಳದಲ್ಲಿ ಹೂದೋಟ ಮಾಡಿದವರಲ್ಲಿ ಬಹಳ ಮಂದಿ ಹೇಳುವ ದೂರು ಒಂದೇ. ತಂಪು ಪ್ರದೇಶಕ್ಕೆ ತಕ್ಕವು, ವರ್ಷಗಟ್ಟಲೆ ಬಾಳುವಂಥವು ಎಂದು ನಂಬಿ ತಂದ ಲ್ಯಾವೆಂಡರ್, ಜರ್ಬೆರಾ, ಪಿಯೋನಿ, ಡೇಲಿಲಿಗಳು ವರ್ಷ ತುಂಬುವ ಮೊದಲೇ ಸಾಯುತ್ತವೆ, ಇಲ್ಲವೇ ಬರೀ ಎಲೆ ಹೊತ್ತು ನಿಂತು ಹೂವನ್ನೇ ಬಿಡುವುದಿಲ್ಲ. ಚಳಿ ಹೆಚ್ಚಾಯಿತೆಂದು ಕೆಲವರು ಗಿಡಕ್ಕೆ ಹೊದಿಕೆ ಹಾಕುತ್ತಾರೆ, ಗೊಬ್ಬರ ಸಾಲದಾಯಿತೆಂದು ಇನ್ನು ಕೆಲವರು ಯೂರಿಯಾ ಸುರಿಯುತ್ತಾರೆ. ಹೆಚ್ಚಿನ ಸಂದರ್ಭಗಳಲ್ಲಿ ದೋಷ ಈ ಎರಡರಲ್ಲಿಯೂ ಇರುವುದಿಲ್ಲ. ನಮ್ಮ ಕಡೆ ಬಹುವಾರ್ಷಿಕ ಗಿಡವನ್ನು ಕೊಲ್ಲುವುದು ಜೂನ್‌ನಿಂದ ಆಗಸ್ಟ್‌ವರೆಗೆ ಬೇರಿನ ಸುತ್ತ ನಿಲ್ಲುವ ನೀರು, ಅದು ಬಿಟ್ಟರೆ ಜನವರಿಯಿಂದ ಏಪ್ರಿಲ್‌ವರೆಗಿನ ಒಣಹವೆ. ಚಳಿಯಿಂದ ಸತ್ತ ಗಿಡ ಊರೊಳಗಿನ ತೋಟಗಳಲ್ಲಿ ಕಾಣಸಿಗುವುದು ತೀರ ಅಪರೂಪ.

ಇದಕ್ಕೆ ಕಾರಣ ಅಂಕಿಗಳಲ್ಲಿಯೇ ಇದೆ. ಗಿಡದ ಚೀಟಿಯ ಮೇಲೆ ಅಥವಾ ಆನ್‌ಲೈನ್ ಮಾರಾಟದ ಪುಟದಲ್ಲಿ ಬರೆದಿರುವ ‘ವಲಯ 4’, ‘ವಲಯ 5’ ಎಂಬ ಸೂಚನೆ ಅಮೆರಿಕದ ಕೃಷಿ ಇಲಾಖೆ ರೂಪಿಸಿದ ನಕ್ಷೆಗೆ ಸೇರಿದ್ದು. ಆ ನಕ್ಷೆ ಅಳೆಯುವುದು ಒಂದು ಊರಿನಲ್ಲಿ ವರ್ಷದ ಅತಿ ಕಡಿಮೆ ಉಷ್ಣಾಂಶ ಸರಾಸರಿ ಎಷ್ಟಿರುತ್ತದೆ ಎಂಬುದನ್ನು ಮಾತ್ರ; ಮಳೆ, ಮಣ್ಣು, ಹಗಲಿನ ಉದ್ದ ಯಾವುದೂ ಅದರ ಲೆಕ್ಕದಲ್ಲಿಲ್ಲ. ವಲಯ 5 ಎಂದರೆ ಶೂನ್ಯಕ್ಕಿಂತ 23ರಿಂದ 29 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿ. ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿರುವ ಚಿಕ್ಕಮಗಳೂರು ಪಟ್ಟಣದಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ಸಾಮಾನ್ಯವಾಗಿ 12ರಿಂದ 16 ಡಿಗ್ರಿಯ ನಡುವೆ ಇರುತ್ತವೆ. ಹಿಮದ ಕೆಳಗೆ ತಿಂಗಳುಗಟ್ಟಲೆ ಮಲಗಿ ಏಳುವ ಗಿಡಕ್ಕೆ ಈ ಚಳಿ ಹೆಚ್ಚೂ ಅಲ್ಲ, ಸಾಕೂ ಅಲ್ಲ. ಆದ್ದರಿಂದ ದೋಷ ಹುಡುಕುವವರು ಚಳಿಯನ್ನು ಪಟ್ಟಿಯ ಕೊನೆಯಲ್ಲಿಟ್ಟು, ಉಳಿದ ಕಾರಣಗಳನ್ನು ಒಂದೊಂದಾಗಿ ಪರೀಕ್ಷಿಸುತ್ತ ಬರಬೇಕು.

ಗಿಡ ಕೆಟ್ಟದ್ದು ಯಾವ ತಿಂಗಳಲ್ಲಿ?

ಗಿಡವನ್ನು ಮುಟ್ಟುವ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಅರ್ಧ ರೋಗ ಇಲ್ಲಿಯೇ ಪತ್ತೆಯಾಗುತ್ತದೆ. ಆರಿದ್ರೆಯಿಂದ ಆಶ್ಲೇಷದವರೆಗಿನ ಮಳೆಯಲ್ಲಿ, ಅಂದರೆ ಜೂನ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬಾಡಿದ ಗಿಡದಲ್ಲಿ ಮೊದಲು ಶಂಕಿಸಬೇಕಾದ್ದು ಬೇರು ಕೊಳೆತವನ್ನು. ಮೇ ತಿಂಗಳ ಕೊನೆಯಲ್ಲಿ, ಬಿಸಿಲೂ ಮಳೆಯೂ ಒಂದಾದ ಧಗೆಯ ದಿನಗಳಲ್ಲಿ ಬುಡದಿಂದ ಕೆಡೆದು ಬಿದ್ದಿದ್ದರೆ ಬುಡ ಕೊಳೆಯುವ ಶಿಲೀಂಧ್ರ ಅಥವಾ ದುಂಡಾಣು (ಬ್ಯಾಕ್ಟೀರಿಯಾ) ಸೊರಗು ಕಾರಣವಾಗಿರಬಹುದು. ಸೆಪ್ಟೆಂಬರ್‌ನಲ್ಲಿ, ಮಳೆ ಬಿಟ್ಟು ಬಿಸಿಲು ಬಂದ ಮೊದಲ ವಾರದಲ್ಲಿಯೇ ಗಿಡ ಬಾಡಿದರೆ ಅದನ್ನು ಬಿಸಿಲಿನ ತಪ್ಪೆಂದು ತಿಳಿಯಬಾರದು. ಬೇರು ಜುಲೈಯಲ್ಲಿಯೇ ಸತ್ತಿರುತ್ತದೆ. ಮೋಡ ಮುಸುಕಿದ್ದಷ್ಟು ದಿನ ಎಲೆಗೆ ಹೆಚ್ಚು ನೀರು ಬೇಕಿರಲಿಲ್ಲವಾದ್ದರಿಂದ ಅದು ಹೊರಗೆ ಕಂಡಿರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ಎಲೆಯ ಮೇಲೆ ಬಿಳಿ ಹುಡಿ ಕೂತಿದ್ದರೆ ಅದು ಇಬ್ಬನಿಯ ಕಾಲದ ಬೂದಿ ರೋಗ. ಅದರಿಂದ ಗಿಡ ಸಾಯುವುದಿಲ್ಲ, ಆದರೆ ಸೇವಂತಿಗೆಯ ಅಂದ ಕೆಡುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಎಲೆಯಂಚು ಕಾಗದದಂತೆ ಒಣಗುತ್ತ ಬಂದರೆ ನೀರಿನ ಕೊರತೆ, ಗೆದ್ದಲು, ಮೇಲುಪದರದಲ್ಲಿಯೇ ಉಳಿದ ಬೇರು ಇವನ್ನು ಹುಡುಕಬೇಕು.

ಇಲ್ಲಿ ಊರಿನ ಜಾಗವನ್ನೂ ಗಮನಿಸಬೇಕಾಗುತ್ತದೆ. ಸಕಲೇಶಪುರ, ಕೊಪ್ಪ, ಶೃಂಗೇರಿ, ಮೂಡಿಗೆರೆಯ ಕೊಟ್ಟಿಗೆಹಾರದ ಕಡೆ ಮೇಲೆ ಹೇಳಿದ ಕ್ರಮ ಹಾಗೆಯೇ ಅನ್ವಯಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರಿನ ಬಯಲುಸೀಮೆಯಲ್ಲಿ ಒಣಹವೆಯೇ ಮುಖ್ಯ ಶತ್ರು. ಬೇಲೂರು, ಆಲೂರಿನಂಥ ಅರೆಮಲೆನಾಡಿನಲ್ಲಿ ಎರಡೂ ಸರದಿಯ ಮೇಲೆ ಬರುತ್ತವೆ. ಗಿಡದ ಆಯ್ಕೆ ಅಲ್ಲಿಯೇ ಹೆಚ್ಚು ಕಷ್ಟದ್ದೆಂದು ನನ್ನ ಅಭಿಪ್ರಾಯ.

ಬಾಡಿದ ಗಿಡದ ಬೇರು ನೋಡುವ ಕ್ರಮ

ಮಧ್ಯಾಹ್ನ ಬಾಡಿದ ಗಿಡವನ್ನು ಮರುದಿನ ಬೆಳಗ್ಗೆ ಮತ್ತೆ ನೋಡಿ. ಹೈಡ್ರೇಂಜಿಯಾದಂಥ ಅಗಲ ಎಲೆಯ ಗಿಡ ಬಿಸಿಲಿಗೆ ಜೋತುಬಿದ್ದು ಸಂಜೆಯ ಹೊತ್ತಿಗೆ ಚೇತರಿಸಿಕೊಳ್ಳುವುದು ಸಹಜ, ಅದಕ್ಕೆ ಚಿಕಿತ್ಸೆ ಬೇಕಿಲ್ಲ. ಬೆಳಗಿನ ತಂಪಿನಲ್ಲಿಯೂ ಎಲೆ ನೆಟ್ಟಗಾಗದಿದ್ದರೆ ಮಣ್ಣನ್ನು ಬೆರಳಿನಿಂದ ಎರಡು ಗೆಣ್ಣು ಆಳಕ್ಕೆ ಮುಟ್ಟಿ ನೋಡಬೇಕು. ಒದ್ದೆ ಮಣ್ಣಿನಲ್ಲಿ ಬಾಡಿದ ಗಿಡಕ್ಕೆ ಮತ್ತೆ ನೀರು ಹಾಕುವುದರಷ್ಟು ದೊಡ್ಡ ಅಪಾಯ ಬೇರೆ ಇಲ್ಲ, ಮತ್ತು ಅಕ್ಕರೆಯಿಂದ ಗಿಡ ಸಾಕುವವರು ಹೆಚ್ಚಾಗಿ ಮಾಡುವುದೂ ಅದನ್ನೇ.

ಮಣ್ಣು ಒದ್ದೆಯಾಗಿದ್ದು ಗಿಡ ಬಾಡಿದ್ದರೆ ಒಂದು ಬದಿಯಿಂದ ಮಣ್ಣು ಬಿಡಿಸಿ ಕೆಲವು ಬೇರುಗಳನ್ನು ಹೊರತೆಗೆಯಿರಿ. ಆರೋಗ್ಯದ ಬೇರು ಬೆಳ್ಳಗೋ ತಿಳಿಕಂದಾಗಿಯೋ ಇದ್ದು, ಎಳೆದರೆ ಗಟ್ಟಿಯಾಗಿರುತ್ತದೆ. ಕೊಳೆತ ಬೇರು ಕಡುಕಂದು ಬಣ್ಣಕ್ಕೆ ತಿರುಗಿ, ಎರಡು ಬೆರಳ ನಡುವೆ ಹಿಡಿದು ಎಳೆದರೆ ಮೇಲಿನ ಸಿಪ್ಪೆ ಕಳಚಿಬಂದು ಒಳಗಿನ ನಾರು ಮಾತ್ರ ಉಳಿಯುತ್ತದೆ. ಮಣ್ಣಿನಿಂದ ಕೆಸರುಗುಂಡಿಯ ವಾಸನೆ ಬಂದರೆ ಅಲ್ಲಿ ಗಾಳಿಯಾಡುತ್ತಿಲ್ಲವೆಂದೇ ತಿಳಿಯಬೇಕು. ಅಡಿಕೆಯ ಕೊಳೆರೋಗಕ್ಕೂ ಕಾಳುಮೆಣಸಿನ ಸೊರಗು ರೋಗಕ್ಕೂ ಕಾರಣವಾದ ಫೈಟಾಫ್ತೊರಾ ಕುಲದ ಜೀವಿಗಳೇ ಜರ್ಬೆರಾ, ಲ್ಯಾವೆಂಡರ್, ಅಜೇಲಿಯಾಗಳ ಬೇರನ್ನೂ ಹಿಡಿಯುತ್ತವೆ. ಅವುಗಳ ಬೀಜಕಣ ನೀರಿನಲ್ಲಿ ಈಜಿ ಹರಡುವುದರಿಂದ, ನೀರು ನಿಲ್ಲುವುದನ್ನು ತಪ್ಪಿಸದೆ ಔಷಧಿ ಮಾತ್ರ ಹಾಕಿದರೆ ಮುಂದಿನ ಮಳೆಗೆ ರೋಗ ಮರಳುತ್ತದೆ.

ಮಣ್ಣಿನ ಮಟ್ಟದಲ್ಲಿ ಕಾಂಡದ ಸುತ್ತ ಬಿಳಿ ನೂಲಿನಂಥ ಬೆಳವಣಿಗೆಯೂ ಅದರ ನಡುವೆ ಸಾಸಿವೆ ಕಾಳಿನ ಗಾತ್ರದ ಕಂದು ಗುಳಿಗೆಗಳೂ ಇದ್ದರೆ ಅದು ಸ್ಕ್ಲೆರೋಷಿಯಂ ಎಂಬ ಶಿಲೀಂಧ್ರ. ಸರಿಯಾಗಿ ಕಳಿಯದ ಕೊಟ್ಟಿಗೆ ಗೊಬ್ಬರ ಅಥವಾ ಹಸಿಸೊಪ್ಪನ್ನು ಬುಡಕ್ಕೆ ಒತ್ತಿ ಹಾಕಿದ ಕಡೆ ಇದು ಹೆಚ್ಚು. ಗಿಡವನ್ನೂ ಸುತ್ತಲಿನ ಒಂದು ಬುಟ್ಟಿ ಮಣ್ಣನ್ನೂ ತೆಗೆದು ದೂರ ಸಾಗಿಸಬೇಕು, ಗುಳಿಗೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ.

ಬೇರೂ ಬುಡವೂ ನೋಡಲು ಚೆನ್ನಾಗಿದ್ದು, ಹಸಿರು ಎಲೆಯೊಂದಿಗೆ ಗಿಡ ಎರಡು ಮೂರು ದಿನಗಳಲ್ಲಿ ಇದ್ದಕ್ಕಿದ್ದಂತೆ ಸೊರಗಿದರೆ ಗಾಜಿನ ಲೋಟದ ಪರೀಕ್ಷೆ ಮಾಡಿ. ಬುಡಕ್ಕೆ ಹತ್ತಿರದ ಕಾಂಡದ ತುಂಡೊಂದನ್ನು ಚೂಪು ಚಾಕುವಿನಿಂದ ಕೊಯ್ದು, ಕೊಯ್ದ ತುದಿ ತಿಳಿನೀರಿಗೆ ತಾಗುವಂತೆ ಅಲುಗಾಡಿಸದೆ ಹಿಡಿದರೆ, ಐದು ಹತ್ತು ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆ ಕೆಳಗಿಳಿಯುವುದು ಕಾಣುತ್ತದೆ. ಅದು ದುಂಡಾಣು ಸೊರಗಿನ ಗುರುತು. ಡೇರೆ (ಡೇಲಿಯಾ) ಹೂವಿನ ಗಿಡಕ್ಕೂ ಶುಂಠಿ, ಬದನೆ, ಟೊಮೆಟೊಗಳಿಗೂ ಬರುವ ಈ ರೋಗಕ್ಕೆ ಮನೆಯಲ್ಲಿ ಮಾಡಬಹುದಾದ ಚಿಕಿತ್ಸೆ ಇಲ್ಲ. ಗಿಡವನ್ನು ಗೆಡ್ಡೆ ಸಮೇತ ಸುಟ್ಟುಹಾಕಿ, ಕತ್ತರಿಯನ್ನು ತೊಳೆದು ಒರೆಸಿ, ಆ ಪಾತಿಯಲ್ಲಿ ಕೆಲವು ವರ್ಷ ಇವೇ ಗಿಡಗಳನ್ನು ನೆಡದಿರುವುದು ಒಂದೇ ದಾರಿ. ಕಾಂಪೋಸ್ಟ್ ಗುಂಡಿಗೆ ಅದನ್ನು ಎಸೆಯಬೇಡಿ.

ಗಿಡ ಹಿಡಿದೆತ್ತಿದರೆ ಬೇರೇ ಇಲ್ಲದಂತೆ ಸಲೀಸಾಗಿ ಕಿತ್ತುಬಂದರೆ ಗೊಣ್ಣೆಹುಳುವಿನ ಕೆಲಸ. ಮಣ್ಣು ಕೆದಕಿದರೆ ಬಾಗಿ ಮಲಗಿರುವ ಬಿಳಿ ಹುಳು ಕೈಗೇ ಸಿಗುತ್ತದೆ, ಆರಿಸಿ ತೆಗೆದರೆ ಮನೆಯ ತೋಟಕ್ಕೆ ಸಾಕು.

ನೀರು ಎಲ್ಲಿಂದ ಬರುತ್ತಿದೆ, ಎಲ್ಲಿಗೆ ಹೋಗುತ್ತಿದೆ

ಬೇರು ಕೊಳೆತವೆಂದು ಖಚಿತವಾದರೆ ಮುಂದಿನ ಪರೀಕ್ಷೆ ಪಾತಿಯದು. ಒಂದು ಅಡಿ ಆಳ, ಒಂದು ಅಡಿ ಅಗಲದ ಗುಂಡಿ ತೆಗೆದು ನೀರು ತುಂಬಿಸಿ, ಅದು ಪೂರ್ತಿ ಇಂಗಿದ ಮೇಲೆ ಎರಡನೆಯ ಸಲ ತುಂಬಿಸಿ, ಒಂದು ಕೋಲು ನೆಟ್ಟು ಗಂಟೆಗೆ ಎಷ್ಟು ಇಳಿಯುತ್ತದೆಂದು ಗುರುತು ಮಾಡಿ. ಗಂಟೆಗೆ ಎರಡೂವರೆಯಿಂದ ಏಳೂವರೆ ಸೆಂಟಿಮೀಟರ್ ಇಳಿದರೆ ಹೆಚ್ಚಿನ ಹೂಗಿಡಗಳಿಗೆ ಒಳ್ಳೆಯದು. ಅದಕ್ಕಿಂತ ನಿಧಾನವಾದರೆ ಆ ಜಾಗದಲ್ಲಿ ನೆಲಮಟ್ಟದ ನಾಟಿ ಬೇಡ. ಈ ಪರೀಕ್ಷೆಯನ್ನು ಮಾರ್ಚ್‌ನಲ್ಲಿ ಮಾಡಿದರೆ ಒಣಮಣ್ಣು ನೀರನ್ನು ಕುಡಿದು ಸುಳ್ಳು ಫಲಿತಾಂಶ ಕೊಡುತ್ತದೆ. ಮೊದಲ ಮಳೆಗಳಾದ ಮೇಲೆ ಮಾಡುವುದು ಸರಿ.

ಹೊಸ ಮನೆಗಳಲ್ಲಿ ಎರಡು ಕಾರಣಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೊದಲನೆಯದು, ಅಂಗಳಕ್ಕೆಲ್ಲ ಇಂಟರ್‌ಲಾಕ್ ಟೈಲ್ಸ್ ಹಾಸಿ ಗೋಡೆಯ ಪಕ್ಕ ಒಂದೂವರೆ ಅಡಿ ಮಾತ್ರ ಪಾತಿಗೆ ಬಿಟ್ಟಿರುವುದು. ನೂರು ಚದರ ಮೀಟರ್ ಮಾಡಿನ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್ ನೀರು, ಮಲೆನಾಡಿನ ಜುಲೈಯಲ್ಲಿ ಇದು ಒಂದು ದಿನದ ಸಾಧಾರಣ ಮಳೆ. ಟೈಲ್ಸಿನ ಮೇಲಿನ ನೀರೂ ಸೂರಿನ ನೀರೂ ಸೇರಿ ಆ ಒಂದೂವರೆ ಅಡಿಗೇ ಇಳಿದರೆ ಯಾವ ಗಿಡ ತಾನೇ ತಡೆದೀತು? ಎರಡನೆಯದು, ನರ್ಸರಿಯಿಂದ ಬಂದ ಗಿಡದ ಬೇರಿನ ಉಂಡೆ ಬರೀ ತೆಂಗಿನ ನಾರಿನ ಪುಡಿಯದ್ದಾಗಿರುವುದು. ಅದನ್ನು ಹಾಗೆಯೇ ಜಿಗಟು ಕೆಂಪುಮಣ್ಣಿಗೆ ಇಳಿಸಿದರೆ ಮಳೆಗಾಲದಲ್ಲಿ ಉಂಡೆ ಸ್ಪಂಜಿನಂತೆ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಒಮ್ಮೆ ಒಣಗಿದರೆ ಮತ್ತೆ ನೀರನ್ನು ಹೀರುವುದೇ ಇಲ್ಲ. ಸತ್ತ ಗಿಡವನ್ನು ಕಿತ್ತಾಗ ಬೇರು ಕುಂಡದ ಆಕಾರದಲ್ಲಿಯೇ ಉಳಿದಿದ್ದರೆ ಇದೇ ದೋಷ. ನೆಡುವಾಗ ಉಂಡೆಯ ಹೊರಪದರವನ್ನು ಸಡಿಲಿಸಿ, ಅರ್ಧದಷ್ಟು ಪುಡಿಯನ್ನು ಉದುರಿಸಿ, ತೋಟದ ಮಣ್ಣೇ ಬೇರಿಗೆ ತಾಗುವಂತೆ ಮಾಡಬೇಕು.

ಪರಿಹಾರಕ್ಕೆ ಕಾಫಿ ತೋಟದವರು ಬಲ್ಲ ವಿಧಾನಗಳೇ ಸಾಕು. ಇಳಿಜಾರಿನ ಮೇಲ್ಬದಿಯಲ್ಲಿ ಬಸಿಗಾಲುವೆ, ಸೂರಿನ ನೀರಿಗೆ ಜಲ್ಲಿ ತುಂಬಿದ ಕಾಲುವೆ, ಅದರ ಕೊನೆಯಲ್ಲಿ ಗೋಡೆಯ ಅಡಿಪಾಯದಿಂದ ಮೂರು ಮೀಟರಿಗಿಂತ ದೂರದಲ್ಲಿ ಒಂದು ಇಂಗುಗುಂಡಿ. ಪಾತಿಯನ್ನು ಕಾಡುಕಲ್ಲು ಜೋಡಿಸಿ ಒಂದಡಿ ಏರಿಸಿ, ಕಲ್ಲುಗಳ ನಡುವೆ ಸಿಮೆಂಟು ಹಾಕದೆ ಬಿಟ್ಟರೆ ನೀರು ತಾನಾಗಿ ಬಸಿಯುತ್ತದೆ. ಕಾಂಕ್ರೀಟಿನ ತೊಟ್ಟಿ ಕಟ್ಟುವುದಕ್ಕಿಂತ ಇದು ಅಗ್ಗ, ಕಲ್ಲಿನ ಸಂದಿಯಲ್ಲಿ ಜರೀಗಿಡವೂ ಬರುತ್ತದೆ. ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಳಿ ಬೆಣಚುಕಲ್ಲು ಸುರಿಯುವ ಈಚಿನ ರೂಢಿಯನ್ನು ಮಾತ್ರ ದಯವಿಟ್ಟು ಬಿಡಿ. ಅದು ಮಣ್ಣಿಗೆ ಗಾಳಿಯನ್ನೇ ತಡೆಯುತ್ತದೆ, ಎರೆಹುಳು ಇಲ್ಲದಂತೆ ಮಾಡುತ್ತದೆ, ಬೇಸಿಗೆಯಲ್ಲಿ ಬೇರನ್ನು ಕಾಯಿಸುತ್ತದೆ.

ಕೊಳೆತದ ಆರಂಭದಲ್ಲಿಯೇ ಗೊತ್ತಾದರೆ ಗಿಡವನ್ನು ಎತ್ತಿ, ಕೆಟ್ಟ ಬೇರು ಕತ್ತರಿಸಿ, ಎಲೆಯನ್ನೂ ಅದಕ್ಕೆ ತಕ್ಕಷ್ಟು ತಗ್ಗಿಸಿ, ಮರಳು ಬೆರೆಸಿದ ಎತ್ತರದ ಪಾತಿಗೆ ಬದಲಿಸಬಹುದು. ಒಂಬತ್ತು ಕೆ.ಜಿ. ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಕೆ.ಜಿ. ಬೇವಿನ ಹಿಂಡಿ, ನೂರು ಗ್ರಾಂ ಟ್ರೈಕೋಡರ್ಮಾ (ಕೊಳೆತ ತರುವ ಜೀವಿಗಳನ್ನು ತಡೆಯುವ ಉಪಕಾರಿ ಶಿಲೀಂಧ್ರ) ಸೇರಿಸಿ, ತೇವ ಮಾಡಿ, ಹದಿನೈದು ದಿನ ನೆರಳಿನಲ್ಲಿ ಮುಚ್ಚಿಟ್ಟು ಮಳೆಗೆ ಮೊದಲು ಬುಡಕ್ಕೆ ಕೊಡುವುದು ಒಳ್ಳೆಯ ಮುನ್ನೆಚ್ಚರಿಕೆ. ಅಡಿಕೆಗೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಶೇ. 1ರ ಬೋರ್ಡೋ ದ್ರಾವಣವನ್ನೇ ಮನೆಯವರು ಹೂಗಿಡದ ಬುಡಕ್ಕೂ ಸುರಿಯುವುದುಂಟು. ಮೈಲುತುತ್ತದ ತಾಮ್ರ ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ, ಮಣ್ಣಿನಲ್ಲಿಯೂ ಉಳಿದುಬಿಡುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಬಳಸಬಾರದು, ಹಳ್ಳ ಕೆರೆಗಳ ಪಕ್ಕದ ತೋಟದಲ್ಲಿ ಬೋರ್ಡೋ ಬೇಡವೇ ಬೇಡ.

ಎಲೆ ಹಳದಿಯಾದರೆ

ಹಳದಿ ಬಣ್ಣ ಮೊದಲು ಕಂಡದ್ದು ಹಳೆಯ ಎಲೆಯಲ್ಲೋ ಚಿಗುರಿನಲ್ಲೋ ಎಂಬುದನ್ನು ನೋಡಿ. ಕೆಳಗಿನ ಹಳೆಯ ಎಲೆಗಳು ಮಳೆಗಾಲದ ನಡುವೆ ಹಳದಿಯಾಗುತ್ತ ಬಂದರೆ ಸಾರಜನಕ ಅಥವಾ ಮೆಗ್ನೀಷಿಯಂ ತೊಳೆದುಹೋಗಿದೆಯೆಂದು ಅರ್ಥ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಮೊದಲೇ ಹುಳಿಮಣ್ಣು, ಸುರಿಯುವ ಮಳೆಯಲ್ಲಿ ಅದು ಪೋಷಕಾಂಶವನ್ನು ಹಿಡಿದಿಡಲಾರದು. ಸುರಿಮಳೆಯ ನಡುವೆ ರಾಸಾಯನಿಕ ಗೊಬ್ಬರ ಹಾಕಿದರೆ ಅದು ಚರಂಡಿಗೇ ಸೇರುತ್ತದೆ. ಮಳೆ ತಗ್ಗಿದ ಮೇಲೆ ಕಾಂಪೋಸ್ಟ್ ಕೊಟ್ಟು, ಮಣ್ಣುಪರೀಕ್ಷೆಯ ಪ್ರಕಾರ ಬೇಕಿದ್ದರೆ ಮಾತ್ರ ಡಾಲೊಮೈಟ್ ಸುಣ್ಣ ಹಾಕಿ. ಮಣ್ಣುಪರೀಕ್ಷೆಯ ವಿಚಾರವನ್ನು ಮೂಡಿಗೆರೆಯ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು.

ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಹುಳಿಮಣ್ಣಿನ ಊರಿನಲ್ಲಿ ಇದು ಬರಬಾರದು. ಬಂದರೆ ಗೋಡೆಯ ಪಕ್ಕವನ್ನು ಶಂಕಿಸಿ. ಕಟ್ಟಡದ ಕಾಲದಲ್ಲಿ ಹೂತ ಸಿಮೆಂಟು ಗಾರೆ, ಸುಣ್ಣದ ಚೂರುಗಳು ಅಷ್ಟು ಜಾಗದ ಮಣ್ಣನ್ನು ಕ್ಷಾರವಾಗಿಸಿರುತ್ತವೆ. ಒಣಮಣ್ಣಿನ ಮೇಲೆ ಸ್ವಲ್ಪ ವಿನಿಗರ್ ಸುರಿದಾಗ ನೊರೆಯೆದ್ದರೆ ಅನುಮಾನವಿಲ್ಲ. ಹೈಡ್ರೇಂಜಿಯಾ ಇದ್ದ ಮನೆಯಲ್ಲಿ ಈ ಪರೀಕ್ಷೆಯೂ ಬೇಡ: ಬೇಲಿಯ ಬಳಿ ನೀಲಿ ಹೂ ಬಿಡುವ ಗಿಡದ ತುಂಡೇ ಗೋಡೆಯ ಬಳಿ ಗುಲಾಬಿ ಬಣ್ಣ ಬಿಟ್ಟರೆ, ರಸಸಾರ (ಮಣ್ಣಿನ ಹುಳಿ-ಕ್ಷಾರದ ಅಳತೆ, ಪಿಎಚ್) ಅಲ್ಲಿ ಏರಿದೆ. ಸುಮಾರು 5.5ಕ್ಕಿಂತ ಕಡಿಮೆ ರಸಸಾರದಲ್ಲಿ ಅಲ್ಯೂಮಿನಿಯಂ ಕರಗಿ ಗಿಡಕ್ಕೆ ಸಿಗುವುದರಿಂದ ನೀಲಿ ಬರುತ್ತದೆ, 6.5 ದಾಟಿದರೆ ಗುಲಾಬಿಯಾಗುತ್ತದೆ. ಅಲ್ಲಿನ ಮಣ್ಣನ್ನು ಒಂದೂವರೆ ಅಡಿ ತೆಗೆದು ಬದಲಿಸುವುದೇ ಖಾಯಂ ಪರಿಹಾರ. ಬಯಲುಸೀಮೆಯಲ್ಲಿ ಕೊಳವೆಬಾವಿಯ ಗಡಸು ನೀರು ಇದೇ ಲಕ್ಷಣವನ್ನು ತರುವುದರಿಂದ ಅಲ್ಲಿ ಕೇಪಳ, ಹೈಡ್ರೇಂಜಿಯಾಗಳಿಗೆ ಹಿಡಿದಿಟ್ಟ ಮಳೆನೀರು ಕೊಡಬೇಕು.

ಗಿಡ ಸೊಂಪಾಗಿದೆ, ಹೂವಿಲ್ಲ

ಮಣ್ಣಿನಲ್ಲಿ ತಪ್ಪಿಲ್ಲದಿದ್ದರೆ ಇದು ಕಾಲಮಾನದ ದೋಷ. ಟ್ಯುಲಿಪ್ ಗೆಡ್ಡೆಗೆ ಮೊಗ್ಗು ಬಿಡಲು ಸುಮಾರು 9 ಡಿಗ್ರಿಗಿಂತ ಕಡಿಮೆ ಉಷ್ಣಾಂಶದಲ್ಲಿ ಹನ್ನೆರಡು ವಾರಕ್ಕೂ ಹೆಚ್ಚು ಕಾಲ ಬೇಕು, ಪಿಯೋನಿಗೆ ಅದಕ್ಕಿಂತ ಗಡಸು ಚಳಿ ಬೇಕು. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿಯೂ ಅಂಥ ಚಳಿ ಅಷ್ಟು ದಿನ ಎಡೆಬಿಡದೆ ನಿಲ್ಲುವುದಿಲ್ಲ. ಫ್ರಿಜ್ಜಿನಲ್ಲಿಟ್ಟ ಟ್ಯುಲಿಪ್ ಗೆಡ್ಡೆ ಒಂದು ಸಲ ಹೂ ಬಿಟ್ಟೀತು, ಬಹುವಾರ್ಷಿಕವಾಗಿ ಬಾಳದು. ಡೇಲಿಲಿಯಲ್ಲಿ ಚಳಿಗಾಲಕ್ಕೆ ಎಲೆ ಒಣಗಿ ಮಲಗುವ ತಳಿಗಳು ಇಲ್ಲಿ ವರ್ಷದಿಂದ ವರ್ಷಕ್ಕೆ ಕ್ಷೀಣಿಸುತ್ತವೆ, ಸದಾ ಹಸಿರಿರುವ ತಳಿಗಳು ಚೆನ್ನಾಗಿ ಬಾಳುತ್ತವೆ. ಕೊಳ್ಳುವಾಗ ಇದನ್ನು ಕೇಳಿಯೇ ಕೊಳ್ಳಿ.

ಹಗಲಿನ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಯುರೋಪು, ಅಮೆರಿಕದ ಬೇಸಿಗೆಯ ಹದಿನಾಲ್ಕು ಗಂಟೆಗೂ ಮೀರಿದ ಹಗಲಿಗೆ ಹೂ ಬಿಡುವ ರುಡ್‌ಬೆಕಿಯಾದಂಥ ಗಿಡಕ್ಕೆ ನಮ್ಮ ಅತಿ ದೀರ್ಘ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ. ಸೇವಂತಿಗೆ ಇದಕ್ಕೆ ವಿರುದ್ಧ, ಅದಕ್ಕೆ ಬೇಕಾದ್ದು ದೀರ್ಘ ರಾತ್ರಿ. ಅಕ್ಟೋಬರ್ ಕಳೆದರೂ ಮೊಗ್ಗು ಬಾರದಿದ್ದರೆ ರಾತ್ರಿ ಹೊತ್ತು ಅಂಗಳಕ್ಕೆ ಹೋಗಿ ನೋಡಿ, ಗಿಡದ ಮೇಲೆ ಬೀದಿದೀಪದ ಅಥವಾ ಜಗಲಿಯ ಎಲ್‌ಇಡಿ ದೀಪದ ಬೆಳಕು ಬೀಳುತ್ತಿರಬಹುದು. ಒಂದು ಕುಂಡವನ್ನು ಕತ್ತಲ ಮೂಲೆಗೆ ಸರಿಸಿ, ಅದಷ್ಟೇ ಮೊಗ್ಗಾದರೆ ದೋಷ ದೀಪದ್ದು.

ಹೈಡ್ರೇಂಜಿಯಾ ಹೂ ಬಿಡದಿರುವುದಕ್ಕೆ ಮಾತ್ರ ಸಾಮಾನ್ಯವಾಗಿ ಕತ್ತರಿಯೇ ಕಾರಣ. ಅದು ಹಿಂದಿನ ವರ್ಷದ ಬಲಿತ ಕಡ್ಡಿಯ ಮೇಲೆ ಮೊಗ್ಗಿಡುವ ಗಿಡ. ಜನವರಿಯಲ್ಲಿ ಅಂಗಳ ಚೊಕ್ಕಟ ಮಾಡುವ ಭರದಲ್ಲಿ ಸವರಿದರೆ ಆ ವರ್ಷದ ಹೂವೆಲ್ಲ ಕತ್ತರಿಗೆ ಹೋಗುತ್ತದೆ. ಹೂ ಮುಗಿದ ಕೂಡಲೇ ಸವರಬೇಕು.

ಖಾಲಿಯಾದ ಜಾಗಕ್ಕೆ

ಗಿಡ ಸತ್ತ ಕಾರಣ ತಿಳಿದ ಮೇಲೆ ಅದನ್ನೇ ಮತ್ತೆ ತರುವುದೋ ಬೇರೆಯದನ್ನು ಹಾಕುವುದೋ ಎಂದು ತೀರ್ಮಾನಿಸಬೇಕು. ನೀರು ನಿಲ್ಲುವ ತಗ್ಗಿಗೆ ಕಾಬಾಳೆ, ಸುಗಂಧಿಗಳು ಹೇಳಿಮಾಡಿಸಿದವು. ಸುಗಂಧಿ ಒದ್ದೆಯಲ್ಲಿಯೇ ಸುಖಿ, ಆದರೆ ಹಳ್ಳದ ಅಂಚಿಗೆ ಬಿಡಬೇಡಿ, ಗೆಡ್ಡೆಯಿಂದ ಹಬ್ಬಿಬಿಡುತ್ತದೆ. ಬಿಸಿಲೂ ಮಳೆಯೂ ಬೀಳುವ ಇಳಿಜಾರಿಗೆ ಮಣ್ಣು ಹಿಡಿಯಲು ಲಾವಂಚ, ಅಡುಗೆಮನೆಯ ಬಳಿ ಮಜ್ಜಿಗೆಹುಲ್ಲು. ಅರೆನೆರಳಿಗೆ ಹೈಡ್ರೇಂಜಿಯಾ, ಜರೀಗಿಡ, ಅಬ್ಬಲಿಗೆ. ಒಣ ಬಯಲಿಗೆ ಗೋರಟೆ, ಕಣಗಲೆ. ಕಣಗಲೆಯ ಪ್ರತಿ ಭಾಗವೂ ವಿಷ, ಮಕ್ಕಳು ಮತ್ತು ದನಕರು ಓಡಾಡುವ ಕಡೆ ಬೇಡ. ಮಳೆಗಾಲಕ್ಕೆ ತಾನಾಗಿ ಚಿಗುರುವ ಚೆಂದದ ಗೌರಿಹೂವಿನ ಗೆಡ್ಡೆಯ ವಿಷಯದಲ್ಲಿಯೂ ಇದೇ ಎಚ್ಚರಿಕೆ. ಲ್ಯಾವೆಂಡರಿನ ನೀಲಿಯೇ ಬೇಕೆನ್ನುವವರು ನೀಲಿ ಸಾಲ್ವಿಯಾ ನೆಡುವುದು ಮೇಲು, ಲ್ಯಾವೆಂಡರನ್ನು ಬಿಡಲಾಗದಿದ್ದರೆ ಸೂರಿನ ಕೆಳಗೆ ಮಳೆ ತಾಗದ ಮಣ್ಣಿನ ಕುಂಡದಲ್ಲಿ, ಮರಳು ಹೆಚ್ಚಾಗಿ ಬೆರೆಸಿ ಇಡಬಹುದು.

ಡೇರೆ ಹೂವಿನ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಮಲೆನಾಡಿನ ಹೆಂಗಸರು ಮೊದಲ ಮಳೆಗೆ ಏರುಪಾತಿ ಮಾಡಿ ಗೆಡ್ಡೆ ನೆಟ್ಟು, ಹೂ ಮುಗಿದ ಮೇಲೆ ಗೆಡ್ಡೆ ಕಿತ್ತು ಒಣಗಿಸಿ ಕಾಪಿಡುವ ಕ್ರಮ ನಮ್ಮ ಹವೆಯನ್ನು ಪೂರ್ತಿ ಅರಿತು ಮಾಡಿದ್ದು. ಏರುಪಾತಿ ಮಳೆಯ ಕೊಳೆತವನ್ನು ತಡೆಯುತ್ತದೆ, ಕಿತ್ತಿಡುವುದು ಬೇಸಿಗೆಯ ಒಣಗನ್ನು ತಪ್ಪಿಸುತ್ತದೆ. ನೆರೆಮನೆಯ ಅಂಗಳದಲ್ಲಿ ಹತ್ತಾರು ವರ್ಷದಿಂದ ಉಳಿದುಬಂದ ಡೇರೆಯ ಗೆಡ್ಡೆಯೊಂದನ್ನು ಕೇಳಿ ತಂದರೆ, ದೂರದ ಊರಿನಿಂದ ಪೆಟ್ಟಿಗೆಯಲ್ಲಿ ಬರುವ ಯಾವ ಗಿಡಕ್ಕಿಂತಲೂ ಅದು ಚೆನ್ನಾಗಿ ಬಾಳುತ್ತದೆ.

ಹಳದಿ ಹೂವಿನ ವೆಡೇಲಿಯಾ ಬಳ್ಳಿಯನ್ನು ನೆಲಹೊದಿಕೆಯಾಗಿ ಹಾಕುವುದನ್ನು ಮಾತ್ರ ನಿಲ್ಲಿಸಬೇಕು. ಅದು ಅಂಗಳ ದಾಟಿ ಹಳ್ಳದ ದಡಗಳನ್ನು ಮುಚ್ಚಿಕೊಂಡು ನಮ್ಮ ಕಾಡಿನ ಸಸಿಗಳನ್ನು ಏಳಗೊಡುವುದಿಲ್ಲ. ಬಾಬಾಬುಡನ್‌ಗಿರಿಯ ಹುಲ್ಲುಗಾವಲಿನಿಂದ ಕುರಿಂಜಿಯ ಸಸಿ, ನೆಲ ಆರ್ಕಿಡ್ ಕಿತ್ತು ತರುವುದೂ ಅಷ್ಟೇ ತಪ್ಪು. ಕುರಿಂಜಿ ಹನ್ನೆರಡು ವರ್ಷಕ್ಕೊಮ್ಮೆ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ. ಅದರ ಜಾಗ ಬೆಟ್ಟವೇ.

ನೆಡುವ ಕಾಲವನ್ನು ಗೆಡ್ಡೆಗಳಿಗೆ ಮೇ ಕೊನೆಯೆಂದೂ ಉಳಿದ ಬಹುವಾರ್ಷಿಕಗಳಿಗೆ ಸೆಪ್ಟೆಂಬರ್ ಎಂದೂ ಇಟ್ಟುಕೊಳ್ಳಿ. ಸೆಪ್ಟೆಂಬರ್‌ನಲ್ಲಿ ನೆಟ್ಟ ಗಿಡಕ್ಕೆ ಸುರಿಮಳೆಯ ಪೆಟ್ಟಿಲ್ಲ, ಹಿಂಗಾರಿನ ಹದಮಳೆಯಲ್ಲಿ ಬೇರು ಇಳಿಯಲು ಸಮಯವಿದೆ. ಡಿಸೆಂಬರ್ ಹೊತ್ತಿಗೆ ಎರಡು ಮೂರು ಅಂಗುಲ ದಪ್ಪಕ್ಕೆ ತರಗೆಲೆ ಹೊದಿಸಿ, ಬುಡದಿಂದ ನಾಲ್ಕು ಬೆರಳು ಬಿಟ್ಟಿರಲಿ. ಮೊದಲ ಬೇಸಿಗೆಯಲ್ಲಿ ದಿನವೂ ಚಿಮುಕಿಸುವ ಬದಲು ವಾರಕ್ಕೊಮ್ಮೆ ಅಥವಾ ಎರಡು ಸಲ ಆಳಕ್ಕೆ ಇಳಿಯುವಂತೆ ನೀರು ಕೊಟ್ಟರೆ ಬೇರು ಕೆಳಗೆ ಹೋಗುತ್ತದೆ. ಜೂನ್ ಮೊದಲ ವಾರದಲ್ಲಿ ಹೊದಿಕೆಯನ್ನು ಬುಡದಿಂದ ಇನ್ನಷ್ಟು ಸರಿಸಿ ತೆಳುವಾಗಿಸಿ. ಇಲ್ಲವಾದರೆ ಅದರಡಿ ಬಸವನಹುಳು ಸೇರುತ್ತವೆ. ಅವುಗಳಿಗೆ ವಿಷ ಬೇಡ, ಸಂಜೆ ಒದ್ದೆ ಗೋಣಿಚೀಲ ಹಾಸಿಟ್ಟು ಬೆಳಗ್ಗೆ ಎತ್ತಿ ಆರಿಸಿದರೆ ಸಾಕು.